ಆಟದ ಇಂಜಿನ್ನಿಗೆ ಮೂಗುದಾರ

ಜಾತ್ರೆ ಬೀದಿಯಲ್ಲಿ ಬೇಸಿನ್ ತುಂಬ ನೀರಿಟ್ಟುಕೊಂಡು ಕೂರುವ ಆಟಿಕೆ ವ್ಯಾಪಾರಿಯನ್ನು ನೋಡದವರು ಯಾರು? ತಗಡಿನ ಪುಟ್ಟ ದೋಣಿ, ಅದರ ಹೊಟ್ಟೆಯಲ್ಲೊಂದು ಎಣ್ಣೆ ಬತ್ತಿ. ಬತ್ತಿ ಹಚ್ಚಿದರೆ ಸಾಕು, ಪಟಪಟ ಸದ್ದು ಮಾಡುತ್ತ ಬೇಸಿನ್ ಸುತ್ತ ಓಡುತ್ತದೆ. ಮಗು ‘ಇನ್ನೂ ಜೋರಾಗಿ ಓಡ್ಸಿ’ ಅಂದರೂ ಅಷ್ಟೇ ವೇಗ, ‘ನಿಲ್ಸಿ’ ಅಂದರೂ ಅಷ್ಟೇ ವೇಗ. ಬತ್ತಿ ಊದಿ ಆರಿಸುವುದೊಂದೇ ದಾರಿ.

ಈ ದೋಣಿಗೊಬ್ಬ ಶ್ರೀಮಂತ ನೆಂಟನಿದ್ದಾನೆ. ಅದೇ ಆಟದ ಉಗಿ ಇಂಜಿನ್. ಹಿತ್ತಾಳೆ ಬಾಯ್ಲರ್, ಬೆರಳಿನಷ್ಟು ಸಿಲಿಂಡರ್, ಪಕ್ಕದಲ್ಲಿ ಭಾರದ ಚಕ್ರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೆಫ್ರಿ ಮ್ಯಾಲಿನ್ಸ್ 1937ರಲ್ಲಿ ಶುರು ಮಾಡಿದ ‘ಮಾಮೊಡ್’ ಮತ್ತು ಜರ್ಮನಿಯ ‘ವಿಲೆಸ್ಕೊ’ ಈ ಬಾಬತ್ತಿನಲ್ಲಿ ಹೆಸರಾದವು. ಸಾಮಾನು ದುಬಾರಿ, ನೋಡಲು ಚೆಂದ. ಆದರೆ ಸಾದಾ ಮಾದರಿಗಳದ್ದು ಜಾತ್ರೆ ದೋಣಿಯ ಹಣೆಬರಹವೇ. ಉಗಿ ಬಂತೋ, ಹಗ್ಗ ಕಿತ್ತ ಹೋರಿ. ನಿಮಿಷಕ್ಕೆ ಸಾವಿರ ಸುತ್ತಿನ ಲೆಕ್ಕದಲ್ಲಿ ಗಿರ್ರನೆ ತಿರುಗಿ, ನೀರು ಮುಗಿದಾಗ ತೆಪ್ಪಗಾಗುತ್ತದೆ. ಹತ್ತು ನಿಮಿಷ ಕಾದು ಕೂತ ಹುಡುಗನಿಗೆ ಚಕ್ರದ ಕಡ್ಡಿಗಳೂ ಕಾಣಿಸಲಿಲ್ಲ!

ಅದಕ್ಕೇ ಈ ಇಂಜಿನ್ ಇಟ್ಟುಕೊಂಡವರೆಲ್ಲ ಇಂದಲ್ಲ ನಾಳೆ ಇದರ ವೇಗ ಹಿಡಿಯೋದು ಹೇಗೆ ಅಂತ ಯೋಚಿಸುತ್ತಾರೆ. ಕೆಲವರು ಸರಿಯಾದ ಜಾಗಕ್ಕೆ ಕೈಹಾಕುತ್ತಾರೆ. ಕೆಲವರು ಕೈ ಸುಟ್ಟುಕೊಳ್ಳುತ್ತಾರೆ.

ನಲ್ಲಿ ಎಲ್ಲಿರಬೇಕು?

ಮೊದಲು ಇದರ ಹೊಟ್ಟೆಯೊಳಗಿನ ಸಂಗತಿ ತಿಳಿಯಬೇಕು. ಅಗ್ಗದ ಮಾದರಿಗಳಲ್ಲಿ ಬೇರೆ ವಾಲ್ವ್ ಅಂತ ಇರುವುದೇ ಇಲ್ಲ. ಸಿಲಿಂಡರೇ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ. ಒಂದು ಕಡೆ ವಾಲಿದಾಗ ಅದರ ತೂತು ಉಗಿಯ ತೂತಿಗೆ ಎದುರಾಗುತ್ತದೆ, ಇನ್ನೊಂದು ಕಡೆ ವಾಲಿದಾಗ ಹೊರಹೋಗುವ ತೂತಿಗೆ. ಸಿಲಿಂಡರನ್ನು ಪಟ್ಟಿಗೆ ಒತ್ತಿ ಹಿಡಿಯುವುದು ಒಂದು ಪುಟ್ಟ ಸ್ಪ್ರಿಂಗ್. ಅಷ್ಟೇ ಯಂತ್ರ. ಬೆಂಕಿ ಎಷ್ಟು ಉಗಿ ಕೊಟ್ಟಿತೋ ಅಷ್ಟನ್ನೂ ನುಂಗಿ ಓಡುವುದು ಇದರ ಜಾಯಮಾನ.

ಬೆಂಕಿ ಸಣ್ಣ ಮಾಡಿದರಾಯಿತಲ್ಲ ಅನ್ನಬಹುದು. ಆಗುತ್ತದೆ, ಆದರೆ ನಿಧಾನ. ಬಾಯ್ಲರಿನ ನೀರು ಕಾದೇ ಇರುತ್ತದೆ. ಬತ್ತಿ ಇಳಿಸಿದ ಗುಣ ಚಕ್ರಕ್ಕೆ ತಲುಪಲು ನಿಮಿಷಗಳೇ ಬೇಕು. ಮೇಲಾಗಿ ಇಂಥ ಇಂಜಿನ್ನುಗಳ ಸ್ಪಿರಿಟ್ ದೀಪ ಹೋಗಿ ಗಟ್ಟಿ ಇಂಧನದ ಬಿಲ್ಲೆ ಬಂದ ಮೇಲೆ, ಹಚ್ಚಿದ ಬಿಲ್ಲೆಯನ್ನು ಸಣ್ಣ ಮಾಡುವುದೆಲ್ಲಿ?

ಆದ್ದರಿಂದ ಬಾಯ್ಲರಿಗೂ ಸಿಲಿಂಡರಿಗೂ ನಡುವಿನ ಕೊಳವೆಯಲ್ಲೇ ಒಂದು ನಲ್ಲಿ ಇರಬೇಕು. ರೈಲಿನವರು ಇದನ್ನೇ ರೆಗ್ಯುಲೇಟರ್ ಅನ್ನುತ್ತಿದ್ದರು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಅಲ್ಲಿನ ಹಳೆಯ ಉಗಿ ಇಂಜಿನ್ ನೋಡಿದವರಿಗೆ ಚಾಲಕನ ಜಾಗದ ಉದ್ದನೆ ಹಿಡಿ ನೆನಪಿರಬಹುದು. ಆಟದ ಇಂಜಿನ್ನಿಗೆ ಬೇಕಾದದ್ದು ಅದರ ಮರಿ. ಸಾಮಾನ್ಯ ನಲ್ಲಿಯಾದರೆ ಸ್ವಲ್ಪ ತಿರುಗಿಸುವಷ್ಟರಲ್ಲಿ ಪೂರಾ ಬಿಟ್ಟುಕೊಳ್ಳುತ್ತದೆ. ಸೂಜಿಯಂತೆ ಚೂಪಾದ ತುದಿಯ ತಿರುಪು ಇರುವ ಹಿತ್ತಾಳೆ ವಾಲ್ವ್ ಆದರೆ ಎಳೆಎಳೆಯಾಗಿ ಬಿಡುತ್ತದೆ. ಮೀನಿನ ತೊಟ್ಟಿಯ ಗಾಳಿ ಕೊಳವೆಗೆ ಹಾಕುವ ಪ್ಲಾಸ್ಟಿಕ್ ನಲ್ಲಿ ಐದಾರು ಕಾಸಿಗೆ ಸಿಗುತ್ತದೆಂದು ತಂದು ಕೂರಿಸಿದರೆ, ಉಗಿಗೆ ಅದು ಮೆತ್ತಗಾಗಿ ಹೋದೀತು.

ನಲ್ಲಿ ಕೂರಿಸಿದ ಮೇಲೂ ಒಂದು ತಕರಾರಿದೆ. ತಣ್ಣಗಿರುವ ಸಿಲಿಂಡರಿಗೆ ಚೂರೇ ಚೂರು ಉಗಿ ಬಿಟ್ಟರೆ ಅದು ಅಲ್ಲೇ ನೀರಾಗಿ ಕೂರುತ್ತದೆ, ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಮೊದಲು ಪೂರಾ ಬಿಟ್ಟು, ಚಕ್ರಕ್ಕೆ ಬೆರಳಿನ ನೆರವು ಕೊಟ್ಟು, ಒಳಗಿನ ನೀರನ್ನೆಲ್ಲ ಉಗುಳಿಸಬೇಕು. ಸಿಲಿಂಡರ್ ಬಿಸಿಯಾದ ಮೇಲೆ ಬಿಗಿ ಮಾಡಬೇಕು. ಚಕ್ರವೂ ಭಾರವಿರಬೇಕು. ವೇಗ ಅರ್ಧಕ್ಕಿಳಿದರೆ ಚಕ್ರದಲ್ಲಿ ಉಳಿಯುವ ಕಸುವು ಕಾಲು ಭಾಗ ಮಾತ್ರ.

ಕುಕ್ಕರ್ ಮೇಲೆ ಕಲ್ಲು

ಈಗ ಮುಖ್ಯ ವಿಷಯ. ನಲ್ಲಿ ಮುಚ್ಚಿದರೆ ಇಂಜಿನ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಉಗಿ ಹೋಗಲು ದಾರಿಯಿಲ್ಲದೆ ಒಳಗೆ ಒತ್ತಡ ಏರುತ್ತದೆ. ಇಷ್ಟು ದಿನ ಸಿಲಿಂಡರೇ ಉಗಿ ಕುಡಿದು ಬಾಯ್ಲರನ್ನು ಕಾಯುತ್ತಿತ್ತು. ನಲ್ಲಿ ಹಾಕಿದ ಗಳಿಗೆಯಿಂದ ಆ ಕೆಲಸ ಸೇಫ್ಟಿ ವಾಲ್ವ್ ಒಂದರದ್ದೇ. ನಲ್ಲಿ ಹಾಕುವ ಮುಂಚೆ ಅದು ಸರಿಯಾಗಿ ಉಗಿ ಕಾರುತ್ತದೆಯೇ ಎಂದು ನೋಡದವನು ವೇಗಕ್ಕೆ ಕೈಹಾಕುವುದೇ ಬೇಡ. ಬಾಯ್ಲರಿಗೂ ಸೇಫ್ಟಿ ವಾಲ್ವಿಗೂ ನಡುವೆ ಯಾವ ನಲ್ಲಿಯೂ ಕೂಡದು.

ಇನ್ನಷ್ಟು ಓಟ ಬರಲಿ ಅಂತ ಆ ವಾಲ್ವಿನ ಸ್ಪ್ರಿಂಗನ್ನೇ ಬಿಗಿ ಮಾಡುವ ಬುದ್ಧಿವಂತಿಕೆಗೆ ಏನನ್ನೋಣ? ಕುಕ್ಕರಿನ ವೆಯ್ಟ್ ಮೇಲೆ ಕಲ್ಲು ಹೇರಿದ ಹಾಗೆ. ಆಟದ ಬಾಯ್ಲರಿನ ಒತ್ತಡ ಒಂದೂವರೆ ಬಾರ್ ಆಸುಪಾಸು. ಸೈಕಲ್ ಟೈರಿನ ಗಾಳಿಗಿಂತ ಕಡಿಮೆಯೇ. ಆದರೆ ಟೈರಿನಲ್ಲಿರುವುದು ತಣ್ಣನೆ ಗಾಳಿ. ಇಲ್ಲಿರುವುದು ಸುಮಾರು 127 ಡಿಗ್ರಿ ಕಾದ ನೀರು. ಬಾಯ್ಲರ್ ಬಿರಿದರೆ ಆ ನೀರಿನ ಒಂದು ಪಾಲು ಗಳಿಗೆಯಲ್ಲಿ ಉಗಿಯಾಗಿ ಹಾರುತ್ತದೆ. ಎದುರಿಗೆ ಬಗ್ಗಿ ನೋಡುತ್ತಿರುವುದು ಮಗುವಿನ ಮುಖ. ನೀರು ಬತ್ತಿದರೆ ಇನ್ನೊಂದು ಫಜೀತಿ: ಇಂಥ ಹಲವು ಬಾಯ್ಲರುಗಳ ಬೆಸುಗೆ ಇನ್ನೂರು ಡಿಗ್ರಿ ಆಸುಪಾಸಿನಲ್ಲೇ ಕರಗಿಬಿಡುತ್ತದೆ. ಓಟ ನಿಧಾನವಾಗಿದೆ, ನೀರು ಇನ್ನೂ ಇರುತ್ತೆ ಬಿಡಿ ಅನ್ನುವ ಲೆಕ್ಕ ಸಲ್ಲದು. ವಾಲ್ವಿನಿಂದಲೂ ನೀರು ಉಗಿಯಾಗಿ ಖಾಲಿಯಾಗುತ್ತಲೇ ಇರುತ್ತದೆ.

ಇಷ್ಟೆಲ್ಲ ಆದರೂ ನಲ್ಲಿ ಅಂದರೆ ಕೈಯ ಕೆಲಸ. ಒಬ್ಬರು ಪಕ್ಕದಲ್ಲೇ ಕೂತು ತಿರುಗಿಸುತ್ತಿರಬೇಕು. ಇಂಜಿನ್ ತನ್ನ ವೇಗವನ್ನು ತಾನೇ ನೋಡಿಕೊಳ್ಳಬೇಕಾದರೆ ಗವರ್ನರ್ ಬೇಕು. ಹಿಟ್ಟಿನ ಗಿರಣಿಯಲ್ಲಿ ಆಯಿಲ್ ಇಂಜಿನ್ ಓಡುತ್ತಿದ್ದ ಕಾಲ ಕಂಡವರಿಗೆ ಇದು ಹೊಸದಲ್ಲ. ರಾಗಿ ಸುರಿದು ಕಲ್ಲಿಗೆ ಭಾರ ಬಿದ್ದರೆ ಇಂಜಿನ್ ಮುಲುಗುತ್ತಿತ್ತು, ಮರುಗಳಿಗೆ ತಾನೇ ಎಣ್ಣೆ ಹೆಚ್ಚಿಗೆ ಎಳೆದು ಚೇತರಿಸಿಕೊಳ್ಳುತ್ತಿತ್ತು. ಅದು ಗವರ್ನರಿನ ಕೈಚಳಕ.

ತಮಾಷೆ ಅಂದರೆ ಈ ಸಾಮಾನು ಹೊರಟದ್ದೂ ಗಿರಣಿಯಿಂದಲೇ. ಇಂಗ್ಲೆಂಡಿನ ಗಾಳಿ ಗಿರಣಿಗಳಲ್ಲಿ ಬೀಸುವ ಕಲ್ಲುಗಳ ಅಂತರ ಹಿಡಿಯಲು ತಿರುಗುವ ಗುಂಡುಗಳನ್ನು ಬಳಸುತ್ತಿದ್ದರು. ಜೇಮ್ಸ್ ವಾಟ್ 1788ರಲ್ಲಿ ಅದನ್ನು ಉಗಿ ಇಂಜಿನ್ನಿಗೆ ಹಾಕಿದ. ಪೇಟೆಂಟ್ ಕೇಳಲಿಲ್ಲ, ಕಲ್ಪನೆ ತನ್ನದಲ್ಲ ಎಂದು ಅವನಿಗೇ ಗೊತ್ತಿತ್ತು. ಅವನ ಕಾರ್ಖಾನೆ ಇದ್ದದ್ದೂ ಬರ್ಮಿಂಗ್‌ಹ್ಯಾಮಿನಲ್ಲೇ. ನೂರೈವತ್ತು ವರ್ಷದ ಮೇಲೆ ಅದೇ ಊರಲ್ಲಿ ನಲ್ಲಿಯೂ ಇಲ್ಲದ ಆಟದ ಇಂಜಿನ್ ತಯಾರಾಯಿತು!

ಹಾಗಾದರೆ ವಾಟ್ ಮಾಡಿದ್ದನ್ನೇ ಚಿಕ್ಕದು ಮಾಡಿ ಆಟದ ಇಂಜಿನ್ನಿಗೆ ಹಾಕಬಾರದೇ? ಹಾಕಿದ ಹಾಗೆ ಕಾಣುವ ಮಾದರಿಗಳಿವೆ. ಎರಡು ಹೊಳೆಯುವ ಗುಂಡು ಸುತ್ತುತ್ತಿರುತ್ತವೆ, ಉಗಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಮದುವೆ ಮನೆಯ ಪೇಟದಂತೆ ಶೋಭೆಗೆ ಮಾತ್ರ. ಇದಕ್ಕೆ ಕಾರಣವೂ ಇದೆ. ತೋಳಿಗೆ ತೂಗುವ ಗುಂಡು ಎಷ್ಟು ಭಾರವಾದರೂ ಇರಲಿ, ನಿಮಿಷಕ್ಕೆ 60 ಸುತ್ತಿನಲ್ಲಿ ಮೇಲಿನ ಕೀಲಿನಿಂದ ಗುಂಡಿನ ಮಟ್ಟಕ್ಕೆ 25 ಸೆಂಟಿಮೀಟರ್ ಅಂತರ ನಿಲ್ಲುತ್ತದೆ. 120 ಸುತ್ತಿಗೆ 6 ಸೆಂಟಿಮೀಟರ್. ಸಾವಿರ ಸುತ್ತಿಗೆ ಒಂದು ಮಿಲಿಮೀಟರೂ ಇಲ್ಲ! ಗುಂಡುಗಳು ಆಗಲೇ ಪೂರಾ ಮೇಲೆದ್ದು ಅಡ್ಡಡ್ಡ ಚಾಚಿಕೊಂಡಿರುತ್ತವೆ. ವೇಗ ಇನ್ನೂ ಹೆಚ್ಚಾದರೆ ಏಳಲು ಜಾಗವೇ ಉಳಿದಿರುವುದಿಲ್ಲ. ದೊಡ್ಡ ಇಂಜಿನ್ ನಿಧಾನಿ, ಅದಕ್ಕೆ ಗುಂಡು ಸರಿಹೋಯಿತು. ಮರಿ ಇಂಜಿನ್ನಿಗೆ ಗುಂಡನ್ನು ಹಿಡಿದೆಳೆಯುವ ಸ್ಪ್ರಿಂಗ್ ಬೇಕು.

ಬಸ್ಸಿನಲ್ಲಿ ಓಡಾಡುವವರಿಗೂ ಗವರ್ನರ್ ಎಂಬ ಹೆಸರು ಗೊತ್ತು. 2015ರ ಅಕ್ಟೋಬರ್ 1ರ ನಂತರ ತಯಾರಾದ ಸಾರಿಗೆ ವಾಹನಗಳಿಗೆ ಸ್ಪೀಡ್ ಗವರ್ನರ್ ಕಡ್ಡಾಯ ಮಾಡಿ, ಮಿತಿ 80 ಕಿಲೋಮೀಟರ್, ಶಾಲಾ ಬಸ್ಸಿಗೆ 60 ಎಂದು ಕೇಂದ್ರದ ನಿಯಮ ಬಂತು. ಆದರೆ ಅದು ಮೇಲಿನ ಮಿತಿ ದಾಟದಂತೆ ತಡೆಯುತ್ತದೆ ಅಷ್ಟೇ. ಘಟ್ಟ ಹತ್ತುವಾಗ ಬಸ್ಸು ಏದುಸಿರು ಬಿಟ್ಟರೆ ಕೈಹಿಡಿಯುವುದಿಲ್ಲ. ವಾಟನ ಗವರ್ನರ್ ಏರಿದ್ದನ್ನು ಇಳಿಸುತ್ತಿತ್ತು, ಇಳಿದದ್ದನ್ನು ಏರಿಸುತ್ತಿತ್ತು.

ಆಟದ ಇಂಜಿನ್ನಿಗೆ ತಕ್ಕ ಸ್ಪ್ರಿಂಗ್ ಗವರ್ನರ್ ಒಂದು ಕಾಲಕ್ಕೆ ನಮ್ಮ ಊರುಗಳಲ್ಲೂ ಇತ್ತು, ಉಳ್ಳವರ ಪಡಸಾಲೆಯಲ್ಲಿ. ಕೀಲಿ ಕೊಡುವ ಗ್ರಾಮಫೋನ್ ಪೆಟ್ಟಿಗೆಯ ಅಡಿಯಲ್ಲಿ, ಮೂರು ತೆಳು ಪಟ್ಟಿ ಸ್ಪ್ರಿಂಗಿನ ಮೇಲೆ ಮೂರು ಪುಟ್ಟ ತೂಕ. ವೇಗ ಏರಿದರೆ ತೂಕಗಳು ಹೊರಕ್ಕೆ ಬಾಗಿ ಒಂದು ಬಿಲ್ಲೆಯನ್ನು ಎಳೆಯುತ್ತವೆ, ಬಿಲ್ಲೆ ಹೋಗಿ ಮೆತ್ತೆಗೆ ಉಜ್ಜಿ ತಟ್ಟೆಯನ್ನು 78 ಸುತ್ತಿಗೆ ಹಿಡಿಯುತ್ತದೆ. ಇದು ಉಗಿ ಉಳಿಸುವುದಿಲ್ಲ, ಬ್ರೇಕ್ ಹಾಕುತ್ತದೆ ನಿಜ. ಬಲ ಕಡಿಮೆಯಿರುವ ಇಂಜಿನ್ ಇದಕ್ಕೆ ಸಿಕ್ಕಿ ನಿಂತೇಬಿಡಲೂಬಹುದು. ಒತ್ತುವ ತಿರುಪನ್ನು ಸಡಿಲ ಇಟ್ಟು ನೋಡುತ್ತ ಹೋಗಬೇಕು. ಕೆಟ್ಟು ಕೂತ ಅಂಥ ಪೆಟ್ಟಿಗೆ ಅಟ್ಟದ ಮೇಲಿದ್ದವರು ಗುಜರಿಗೆ ಹಾಕುವ ಮುಂಚೆ ಒಮ್ಮೆ ಒಳಗೆ ಇಣುಕಿ ನೋಡಬಹುದು.