ಐದು ರೂಪಾಯಿ ಡಾಕ್ಟ್ರ ಕ್ಲಿನಿಕ್

ಮಂಡ್ಯ ಎಂದೊಡನೆ ಕಣ್ಣಿಗೆ ಬರುವುದು ಸಕ್ಕರೆ ಕಾರ್ಖಾನೆ, ಕಬ್ಬಿನ ಗಾಡಿ, ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ಕಟ್ಟೆಯ ನೀರನ್ನು ನೆಚ್ಚಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇವುಗಳಷ್ಟೇ ಈ ಊರಿನ ಗುರುತಾಗಿ ಬೆಳೆದದ್ದು ಆರ್.ಪಿ. ರಸ್ತೆಯ ಪುಟ್ಟ ತಾರಾ ಕ್ಲಿನಿಕ್. ಜನರ ಬಾಯಲ್ಲಿ ಮಾತ್ರ ಅದು 'ಐದು ರೂಪಾಯಿ ಡಾಕ್ಟ್ರ' ಕ್ಲಿನಿಕ್.

ಆ ಡಾಕ್ಟರು ಡಾ. ಶಂಕರೇಗೌಡರು, ಮಂಡ್ಯ ತಾಲ್ಲೂಕಿನ ಶಿವಳ್ಳಿಯವರು. ಮಣಿಪಾಲದಲ್ಲಿ ಎಂಬಿಬಿಎಸ್ ಓದಿ, ಚರ್ಮರೋಗದಲ್ಲಿ ಡಿಪ್ಲೊಮಾ ಪಡೆದು, 1980ರ ದಶಕದ ಆರಂಭದಲ್ಲಿ ತಮ್ಮ ಸೀಮೆಗೇ ಮರಳಿದರು. ಬೆಳಿಗ್ಗೆ ಊರಿನಲ್ಲಿ ಬಂದವರನ್ನು ನೋಡಿ, ಆಮೇಲೆ ಪೇಟೆಯ ಕ್ಲಿನಿಕ್ಕಿಗೆ ಬರುವ ರೂಢಿ ಅವರದು. ಬೇಸಾಯವನ್ನೂ ಬಿಟ್ಟವರಲ್ಲ. ದಶಕಗಳ ಕಾಲ ಅವರು ಪಡೆದ ಶುಲ್ಕ ಐದೇ ರೂಪಾಯಿ. ಬರೆದುಕೊಡುವ ಔಷಧಿಯೂ ಕೈಗೆಟಕುವಂಥದ್ದು.

ಈ ಐದು ರೂಪಾಯಿಯನ್ನು ಬರೀ ದಾನವೆಂದು ಹೊಗಳಿ ಮುಂದೆ ಹೋಗುವುದು ಸರಿಯಲ್ಲ. ಅದರಲ್ಲಿ ವೈದ್ಯಕೀಯವೇ ಇದೆ. ಕಜ್ಜಿಯನ್ನೇ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ರಾತ್ರಿ ಕೆರೆತ ಹೆಚ್ಚಾಗುತ್ತದೆ. ಮಗುವಿಗೆ ಮಾತ್ರ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ, ಪಕ್ಕದಲ್ಲಿ ಮಲಗುವ ಅಜ್ಜಿಯಿಂದ ಮತ್ತೆ ಹತ್ತುತ್ತದೆ. ಮನೆಮಂದಿಯೆಲ್ಲ ಒಟ್ಟಿಗೇ ಔಷಧಿ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು. ತಲೆಗೆ ಐನೂರು ರೂಪಾಯಿ ಎಂದರೆ ಕೂಲಿಯ ಮನೆಯವರು ಆರು ಜನರನ್ನು ಕರೆತಂದಾರೆಯೇ? ಒಬ್ಬರನ್ನು ತೋರಿಸಿ ಸುಮ್ಮನಾಗುತ್ತಾರೆ, ಕಜ್ಜಿ ಮನೆಯಲ್ಲೇ ಉಳಿಯುತ್ತದೆ.

ಜೀವ ತೆಗೆಯದ ಕಾಯಿಲೆಯನ್ನು ಬಡವರು ಮೊದಲು ಮುಂದೂಡುತ್ತಾರೆ. ಕೆಸರುಗದ್ದೆಯಲ್ಲಿ ದಿನವಿಡೀ ನಿಂತು ನಾಟಿ ಹಾಕುವ ಹೆಂಗಸರ ಕಾಲ್ಬೆರಳ ಸಂದಿ ಕೊಳೆಯುತ್ತದೆ. ಬೆವರು ಆರದ ಕಡೆ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕು ಹಬ್ಬುತ್ತದೆ. ಡಾಕ್ಟರ ಫೀಸು ಉಳಿಸಲು ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು ಹಚ್ಚುತ್ತಾರೆ. ಬಹಳ ಸಲ ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಕೆರೆತ ಅಡಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡಿ, ಕೊನೆಗೆ ತಜ್ಞರಿಗೂ ಗುರುತು ಸಿಗದ ರೂಪ ತಾಳುತ್ತದೆ. ನಾಲ್ಕು ವಾರದಲ್ಲಿ ವಾಸಿಯಾಗಬೇಕಾದದ್ದು ತಿಂಗಳುಗಟ್ಟಲೆ ಎಳೆಯುತ್ತದೆ. ಆ ಟ್ಯೂಬಿಗಿಂತ ತಜ್ಞ ವೈದ್ಯರ ಸಲಹೆಯೇ ಅಗ್ಗವಾಗಿ ಸಿಗುವ ಜಾಗ ಆರ್.ಪಿ. ರಸ್ತೆಯಲ್ಲಿದ್ದದ್ದು ಮಂಡ್ಯದ ಗದ್ದೆ ಕೆಲಸದವರ ಪುಣ್ಯ.