ಪೇಟೆಯ ಮಾರುಕಟ್ಟೆಯಲ್ಲಿ ನಮ್ಮ ತರಕಾರಿ



ತರಕಾರಿ ಚೀಲವನ್ನು ಲಾರಿಗೆ ಏರಿಸಿದ ಮೇಲೆ ಅದರ ಗತಿ ಏನಾಯಿತೆಂದು ನಾವು ನೋಡುವುದು ಕಡಿಮೆ. ಮಂಡಿಯಿಂದ ಚೀಟಿ ಬರುತ್ತದೆ. ಬೆಲೆ ಇಳಿದಿದ್ದರೆ ದಲ್ಲಾಳಿಯನ್ನು ಬೈಯುತ್ತೇವೆ. ಬೈಯಲು ಕಾರಣವೂ ಇರಬಹುದು ಅನ್ನಿ. ಆದರೆ ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಂಡಿಯಿಂದ ಹಾಗೇ ಹಿಂದಿರುಗಬೇಡಿ. ಮನೆಯವರನ್ನೂ ಕರೆದುಕೊಂಡು ಶಿವಾಜಿನಗರದ ರಸೆಲ್ ಮಾರುಕಟ್ಟೆಯೊಳಗೆ ಒಂದು ಸುತ್ತು ಹಾಕಿ ಬನ್ನಿ.

ಅದು 1927ರಲ್ಲಿ ಕಟ್ಟಿದ ಕಟ್ಟಡ. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅನೇಕ ಅಂಗಡಿಗಳು ಸುಟ್ಟುಹೋದವು; ಆದರೂ ಮಾರುಕಟ್ಟೆ ಮತ್ತೆ ಚೇತರಿಸಿಕೊಂಡಿತು. ತರಕಾರಿ, ಹಣ್ಣು, ಹೂವು, ಮೀನು, ಮಾಂಸ ಎಲ್ಲವೂ ಅಲ್ಲಿ ಮಾರಾಟಕ್ಕೆ ಬರುತ್ತವೆ.

ಒಂದು ತರಕಾರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಮಂಡಿಯಿಂದ ತಂದ ಟೊಮೇಟೊವನ್ನು ಅಂಗಡಿಯಾತ ಇದ್ದ ಹಾಗೇ ಮಾರುವುದಿಲ್ಲ. ಗಟ್ಟಿ ಹಣ್ಣು ಒಂದು ಗುಡ್ಡೆ, ಮೆತ್ತಗಾದದ್ದು ಇನ್ನೊಂದು ಗುಡ್ಡೆ. ಎರಡಕ್ಕೂ ಬೆಲೆ ಬೇರೆ. ಕೊಳೆತದ್ದು ಕಸಕ್ಕೆ. ಆ ಕಸಕ್ಕೆ ಹೋದ ಹಣ್ಣಿಗೂ ಆತ ಮಂಡಿಯಲ್ಲಿ ದುಡ್ಡು ಕೊಟ್ಟಿದ್ದಾನಲ್ಲ? ನಾಳೆ ಕೊಳ್ಳುವಾಗ ಅದನ್ನೂ ಲೆಕ್ಕ ಹಿಡಿದೇ ಬೆಲೆ ಕೇಳುತ್ತಾನೆ. ಹೊಲದಲ್ಲಿ ನಾವು ಮಾಡದೆ ಬಿಟ್ಟ ವಿಂಗಡಣೆಯ ಕೂಲಿ ಅವನಿಗೆ, ನಷ್ಟ ನಮಗೆ.

ಒಳ್ಳೆಯ ಕಾಯಿ ಮೇಲಿಟ್ಟು, ಹುಳುಕು ಕಾಯಿ ತಳಕ್ಕೆ ಹಾಕುವವರೂ ಉಂಟು. ವ್ಯಾಪಾರಿಗೆ ಇದು ತಿಳಿಯದೇ? ಮೊದಲು ತಳಕ್ಕೇ ಕೈ ಹಾಕುತ್ತಾನೆ. ತಳದ ಕಾಯಿ ನೋಡಿ ಇಡೀ ಬುಟ್ಟಿಗೆ ಬೆಲೆ ಕಟ್ಟುತ್ತಾನೆ. ಒಂದು ಸಲ ಹೋದ ನಂಬಿಕೆ ಬೇಗ ಹಿಂದಕ್ಕೆ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. ತರಕಾರಿಯನ್ನು ತಂಪು ಹೊತ್ತಿನಲ್ಲಿ ಕೊಯ್ದು, ಕೂಡಲೇ ನೆರಳಿಗೆ ಹಾಕಿ. ಬಿಸಿಲಲ್ಲಿ ಬಿದ್ದ ಸೊಪ್ಪು ನೀರು ಕಳೆದುಕೊಂಡು ಬಾಡುತ್ತದೆ. ತೂಕವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ.

2. ದೂರದ ಪೇಟೆಗೆ ಕಳಿಸುವ ಟೊಮೇಟೊವನ್ನು ಬಣ್ಣ ತಿರುಗುವಾಗಲೇ ಕೀಳಿ. ಪೂರ್ತಿ ಹಣ್ಣಾದದ್ದು ಹತ್ತಿರದ ಸಂತೆಗಿರಲಿ.

3. ದಪ್ಪ, ಸಣ್ಣ, ಗಾಯವಾದದ್ದು ಎಂದು ಮನೆಯಲ್ಲೇ ಬೇರೆ ಮಾಡಿ. ಕೊಳೆತ ಒಂದು ಹಣ್ಣೂ ಒಳಗೆ ಉಳಿಯಬಾರದು. ಅದರ ಕೊಳೆ ಪಕ್ಕದ ಹಣ್ಣಿಗೂ ಹತ್ತುತ್ತದೆ.

4. ಟೊಮೇಟೊವನ್ನು ಗೋಣಿಚೀಲಕ್ಕೆ ತುರುಕಬೇಡಿ. ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿ. ಕಂಠ ಮೀರಿ ತುಂಬಿದರೆ ಮೇಲಿನ ಕ್ರೇಟಿನ ಭಾರಕ್ಕೆ ಹಣ್ಣು ಜಜ್ಜುತ್ತದೆ.

5. ಮಾಗಿದ ಬಾಳೆ, ಮಾವು, ಪರಂಗಿಗಳ ಜೊತೆ ಸೊಪ್ಪು, ಸೌತೆಕಾಯಿ ಇಡಬೇಡಿ. ಮಾಗುವ ಹಣ್ಣಿನಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಅದು ತಗುಲಿದರೆ ಹಸಿರು ಬೇಗ ಹಳದಿಯಾಗುತ್ತದೆ.

ಇಷ್ಟು ಮಾಡಿದ ಮಾತ್ರಕ್ಕೆ ಪ್ರತಿದಿನವೂ ಹೆಚ್ಚು ಬೆಲೆ ಸಿಕ್ಕೀತೆಂದು ನಾನು ಹೇಳಲಾರೆ. ಎಲ್ಲರ ಬೆಳೆಯೂ ಒಂದೇ ದಿನ ಬಂದು ಬಿದ್ದರೆ ಒಳ್ಳೆಯ ಮಾಲಿಗೂ ಬೆಲೆ ಇಳಿಯುತ್ತದೆ. ಆದರೆ ಅಂಥ ದಿನವೂ ಮೊದಲು ಖರ್ಚಾಗುವುದು ವಿಂಗಡಿಸಿದ ಮಾಲು. ಒಬ್ಬರಿಗೆ ಕಷ್ಟವಾದರೆ ನಾಲ್ಕು ಮನೆಯವರು ಕೂಡಿ ಮಾಡಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು ಎಂಬುದು ನೆನಪಿರಲಿ.

ಇವತ್ತು ಸಂಜೆ ಬುಟ್ಟಿ ತುಂಬುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಈ ತಳದ ಕಾಯಿಯನ್ನು ನಮ್ಮ ಮನೆಯ ಸಾರಿಗೆ ಹಾಕುತ್ತೇವೆಯೇ? ಹಾಕುವುದಿಲ್ಲವಾದರೆ ಪೇಟೆಗೂ ಕಳಿಸಬೇಡಿ.