ಒಂದು ನಕ್ಷೆ, ಎರಡು ಕೈ

ಕಲಬುರಗಿ ಜಿಲ್ಲೆಯ ಆಡಕಿಯ ಸುತ್ತಿನ ಸೇಡಂ, ಮಳಖೇಡ, ವಾಡಿ ಸೀಮೆಯಲ್ಲಿ ದೂರದಿಂದಲೇ ಕಾಣುವುದು ಸಿಮೆಂಟ್ ಕಾರ್ಖಾನೆಯ ಪ್ರಿಹೀಟರ್ ಗೋಪುರ. ಸುಣ್ಣಕಲ್ಲಿನ ಪುಡಿ, ಕಿಲ್ನ್ ಎಂಬ ಸುಡುವ ಕುಲುಮೆಗೆ ಇಳಿಯುವ ಮುನ್ನ ಬಿಸಿಗಾಳಿಯೊಡನೆ ಸುತ್ತಿ ಸುತ್ತಿ ಕಾಯುವ ಜಾಗ ಅದು. ದೊಡ್ಡ ಕಿಲ್ನ್‌ಗಳಿಗೆ ಹೀಗೆ ಗಾಳಿ ಸುತ್ತುವ ಪಾತ್ರೆಗಳ, ಅಂದರೆ ಸೈಕ್ಲೋನ್‌ಗಳ, ಎರಡು ಸಾಲು ಇರುವುದುಂಟು. ಆಗ ಎಡಸಾಲು ಸಾಮಾನ್ಯವಾಗಿ ಬಲಸಾಲಿನ ಕನ್ನಡಿ ಬಿಂಬ: ಒಂದರಲ್ಲಿ ಗಾಳಿ ಎಡಕ್ಕೆ ಸುತ್ತಿದರೆ ಇನ್ನೊಂದರಲ್ಲಿ ಬಲಕ್ಕೆ. ಹಾಗಾದರೆ ನಕ್ಷೆ ಎರಡು ಬೇಕೇ, ಒಂದೇ ಸಾಕೇ?

ಕಂಪ್ಯೂಟರ್ ಬರುವ ಮೊದಲೇ ಡ್ರಾಯಿಂಗ್ ಆಫೀಸುಗಳು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದವು. ಬಲಗೈ ಭಾಗವನ್ನಷ್ಟೇ ಬರೆದು, ಮೂಲೆಯಲ್ಲಿ ‘ಒಂದು ತೋರಿಸಿದಂತೆ, ಒಂದು ಆಪೊಸಿಟ್ ಹ್ಯಾಂಡ್’ ಎಂದು ನೋಟ್ ಹಾಕುವುದು ಮೊದಲನೆಯದು. ಅಳತೆ ತಿದ್ದಿದರೆ ಎರಡೂ ಭಾಗಗಳಿಗೆ ಅನ್ವಯ. ಟ್ರೇಸಿಂಗ್ ಕಾಗದವನ್ನು ಮಗುಚಿ ಎರಡನೇ ನಕ್ಷೆ ತೆಗೆಯುವುದು ಇನ್ನೊಂದು. ಆಮೇಲೆ ಅದರ ಹಣೆಬರಹವೇ ಬೇರೆ: ಮೂಲದಲ್ಲಿ ತಿದ್ದಿದ್ದನ್ನು ಇಲ್ಲೂ ತಿದ್ದಬೇಕು. ಮೊದಲ ದಾರಿಯ ಕಷ್ಟ ಫ್ಯಾಬ್ರಿಕೇಟರ್‌ನದು. ಕಾಗದದಲ್ಲಿಲ್ಲದ ಎಡಗೈ ಭಾಗವನ್ನು ಅವನು ತಲೆಯಲ್ಲೇ ತಿರುಗಿಸಿ ಪ್ಲೇಟಿನ ಮೇಲೆ ಗುರುತು ಹಾಕಬೇಕಿತ್ತು. ಎರಡೂ ಬಲಗೈಯವೇ ತಯಾರಾದರೆ ಉಕ್ಕು ಗುಜರಿಗೆ.

1963ರಲ್ಲಿ ಎಂಐಟಿಯ ಇವಾನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಟಿಎಕ್ಸ್-2 ಕಂಪ್ಯೂಟರ್ ಮೇಲೆ ‘ಸ್ಕೆಚ್‌ಪ್ಯಾಡ್’ ಕಟ್ಟಿದರು. ಅದರಲ್ಲಿ ಒಂದು ಮೂಲಚಿತ್ರ ಇಟ್ಟುಕೊಂಡು ಅದನ್ನು ಬೇಕಾದಷ್ಟು ಕಡೆ ಕೂರಿಸಬಹುದಿತ್ತು. ಮೂಲ ತಿದ್ದಿದೊಡನೆ ಎಲ್ಲ ಕಡೆಯೂ ತಿದ್ದುಪಡಿ ಆಗುತ್ತಿತ್ತು. ಮೂಲೆಯ ನೋಟ್ ಮಾಡುತ್ತಿದ್ದ ಕೆಲಸ ಪರದೆಗೆ ಬಂದದ್ದು ಹೀಗೆ. 1982ರಲ್ಲಿ ಬಂದ ಆಟೋಕ್ಯಾಡ್ ಜನಪ್ರಿಯಗೊಳಿಸಿದ ಮಿರರ್ ಆಜ್ಞೆ ಮಾತ್ರ ಮಗುಚಿದ ಟ್ರೇಸಿಂಗಿನ ವಂಶದ್ದು: ಗೆರೆಗಳ ಪ್ರತಿ ಸಿಗುತ್ತದೆ, ಮೂಲದೊಡನೆ ನಂಟು ಉಳಿಯುವುದಿಲ್ಲ. ಅಕ್ಷರಗಳೂ ತಿರುವುಮುರುವಾಗದಿರಲಿ ಎಂದು ಅದರಲ್ಲಿ ಬೇರೆ ಸೆಟ್ಟಿಂಗೇ ಇದೆ!

ಆ ದಶಕದ ಕೊನೆಗೆ ಪ್ರೊ-ಎಂಜಿನಿಯರ್, 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದವು. ಇಲ್ಲಿ ಮಾಡೆಲ್ ಎಂದರೆ ಗೆರೆಗಳಲ್ಲ, ಅಳತೆ ಮತ್ತು ಹಂತಗಳ ಸರಪಳಿ. ಮಿರರ್ ಕೂಡ ಅದರಲ್ಲೊಂದು ಹಂತ. ಹಾಗಾಗಿ ಪ್ರತಿ ಮೂಲದ ಬೆನ್ನು ಬಿಡುವುದಿಲ್ಲ. ಬೇಡವಾದರೆ ಸಾಲಿಡ್‌ವರ್ಕ್ಸ್‌ನಲ್ಲಿ ಕೊಂಡಿ ಕಡಿಯುವ ಆಯ್ಕೆಯಿದೆ. ಪುಕ್ಕಟೆ ಸಿಗುವ ಫ್ರೀಕ್ಯಾಡ್‌ನಲ್ಲೂ ‘ಪಾರ್ಟ್’ ವಿಭಾಗದ ಮಿರರ್ ಮೂಲಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಬೇಕೆಂದರೆ ‘ಸಿಂಪಲ್ ಕಾಪಿ’ ತೆಗೆಯಬೇಕು.

ಯಾವುದು ಮೇಲು? ಸೈಕ್ಲೋನ್‌ಗೇ ಮರಳೋಣ. ಪುಡಿ ಕಟ್ಟಿಕೊಂಡರೆ ತೆರೆದು ನೋಡಲು ಮೈಯಲ್ಲೊಂದು ತಪಾಸಣೆ ಬಾಗಿಲು ಇರುತ್ತದೆ. ಬಲಗಡೆಯದನ್ನು ಅರ್ಧ ಮೀಟರ್ ಮೇಲೆ ಸರಿಸಿದರೆ ಕೊಂಡಿಯಿರುವ ಎಡದ್ದೂ ಮೇಲೇರುತ್ತದೆ. ಎಡಗಡೆ ಅದೇ ಎತ್ತರದಲ್ಲಿ ಮೆಟ್ಟಿಲಿನ ತೊಲೆ ಹಾದಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ಸಿಟ್ಟಿಗೆ ಕೊಂಡಿ ಕಡಿದಿರೋ, ಬಾಗಿಲಿನ ಸಮಸ್ಯೆ ಮುಗಿಯಿತು. ಆದರೆ ಆರು ತಿಂಗಳ ಮೇಲೆ ಮೂಲದಲ್ಲಿ ಪ್ಲೇಟಿನ ದಪ್ಪ 8 ಮಿಲಿಮೀಟರ್‌ನಿಂದ 10ಕ್ಕೆ ಏರುತ್ತದೆ, ಎಡದ್ದು 8ರಲ್ಲೇ ಉಳಿಯುತ್ತದೆ. ಪರದೆ ಎಚ್ಚರಿಸುವುದಿಲ್ಲ, ಅದರ ಲೆಕ್ಕದಲ್ಲಿ ಎಲ್ಲವೂ ಸರಿ. ಇವೆರಡರಲ್ಲಿ ನನಗೆ ಹೆಚ್ಚು ಭಯ ಈ ಎರಡನೆಯದರದು. ಬಾಗಿಲಿನ ತಪ್ಪು ಕಣ್ಣಿಗೆ ಬೀಳುತ್ತದೆ, ದಪ್ಪದ ತಪ್ಪು ಬೀಳುವುದಿಲ್ಲ.

ಇಡೀ ಜೋಡಣೆಯನ್ನೇ ಕಣ್ಣುಮುಚ್ಚಿ ಮಿರರ್ ಮಾಡುವವರೂ ಇದ್ದಾರೆ. ಥ್ರೆಡ್ ಸಮೇತ ಮಾಡೆಲ್ ಮಾಡಿದ ಬೋಲ್ಟ್‌ ಮಿರರ್‌ನಲ್ಲಿ ಎಡಸುತ್ತಿನದಾಗುತ್ತದೆ. ಅಂಥದ್ದನ್ನು ಶಹಾಬಾದ್ ಪೇಟೆಯಲ್ಲಿ ಕೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡಿಯಾರು. ಬೋಲ್ಟ್, ಮೋಟಾರ್, ಗೇರ್‌ಬಾಕ್ಸ್‌ಗಳಂಥ ಕೊಂಡು ತರುವ ಸಾಮಾನಿಗೆ ಬಿಂಬ ಬೇಡ, ಅದನ್ನೇ ಮತ್ತೊಮ್ಮೆ ಕೂರಿಸಿದರೆ ಸಾಕು.

ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ, ಊರ ಪಕ್ಕದ ಐಟಿಐಯಲ್ಲೋ ಕ್ಯಾಡ್ ಕಲಿಯುತ್ತಿರುವವರು ಒಂದು ಅಭ್ಯಾಸ ಮಾಡಿಕೊಳ್ಳಿ. ಎರಡೂ ಕೈಗೆ ಸಮಾನವಾದ ಮೈ, ಶಂಕು, ದಪ್ಪ ಒಂದು ಮೂಲದಲ್ಲಿರಲಿ, ಅದನ್ನು ಕೊಂಡಿ ಉಳಿಸಿಯೇ ಮಿರರ್ ಮಾಡಿ. ಬಾಗಿಲು, ಏಣಿಯ ಕ್ಲೀಟುಗಳಂಥ, ಬದಿಗೆ ತಕ್ಕಂತೆ ಬದಲಾಗುವ ಭಾಗಗಳನ್ನು ಆಮೇಲೆ ಆಯಾ ಬದಿಯ ಫೈಲಿನಲ್ಲೇ ಸೇರಿಸಿ. ಕೊಂಡಿ ಕಡಿಯಲೇಬೇಕಾಗಿ ಬಂದರೆ ಫೈಲಿನ ಹೆಸರಲ್ಲೇ ಅದನ್ನು ಬರೆದಿಡಿ.